ಹಸಿ ತಟ್ಟೆಗೆ ಯಾವುದು ಸೈ, ಯಾವುದಕ್ಕೆ ಒಲೆಯೇ ಬೇಕು

ಕ್ಯಾರೆಟ್ ಹಸಿಯಾಗಿ ಕಡಿದು ತಿಂದರೆ ಏನೂ ಆಗುವುದಿಲ್ಲ. ನೆನೆಸಿದ ರಾಜ್ಮಾ ಕಾಳು ನಾಲ್ಕೈದನ್ನು ಹಸಿಯಾಗಿ ಅಗಿದು ನುಂಗಿದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಎರಡೂ ಗಿಡದಿಂದಲೇ ಬಂದವು, ಎರಡೂ ‘ನೈಸರ್ಗಿಕ’ವೇ. ಹಸಿ ಆಹಾರಕ್ಕೆ ಹೊರಳುವವರು ಮೊದಲು ಕೆಳಗಿಡಬೇಕಾದ್ದು ‘ಹಸಿ ಅಂದರೆ ಒಳ್ಳೆಯದು, ಬೇಯಿಸಿದ್ದು ಅಂದರೆ ಸತ್ತದ್ದು’ ಎಂಬ ಅಳತೆಗೋಲನ್ನು. ಅದರಿಂದ ಒಂದು ಪದಾರ್ಥವನ್ನೂ ಸರಿಯಾಗಿ ಅಳೆಯಲಾಗದು.

ಈ ಪದ್ಧತಿಯಲ್ಲಿ ಹಸಿ ಎಂದರೆ ಸಾಮಾನ್ಯವಾಗಿ 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಕಾಣದ ಆಹಾರ. ಅದಕ್ಕಿಂತ ಬಿಸಿಯಾದರೆ ಆಹಾರದಲ್ಲಿರುವ ಕಿಣ್ವಗಳು ಹಾಳಾಗುತ್ತವೆ ಎನ್ನುವುದು ಈ ಗಡಿಗೆ ಕೊಡುವ ಕಾರಣ. ಹಾಳಾಗುವುದೇನೋ ನಿಜ. ಆದರೆ ಹಸಿಯಾಗಿ ನುಂಗಿದರೂ ಜಠರದ ಆಮ್ಲ ಅವುಗಳಲ್ಲಿ ಬಹುಪಾಲನ್ನು ಬೇರೆಲ್ಲ ಪ್ರೋಟೀನಿನಂತೆಯೇ ಮುರಿದುಹಾಕುತ್ತದೆ. ಜೀರ್ಣಕ್ಕೆ ಬೇಕಾದ ಕಿಣ್ವವನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಗಿಡದ ಕಿಣ್ವ ನಿಜಕ್ಕೂ ಲೆಕ್ಕಕ್ಕೆ ಬರುವುದು ಬೆಳ್ಳುಳ್ಳಿ, ಬ್ರೊಕೊಲಿಯಂಥ ಕೆಲವೇ ಕಡೆ. ಅಲ್ಲೂ ಅದರ ಕೆಲಸ ಬಹುಮಟ್ಟಿಗೆ ನಡೆಯುವುದು ಹೊಟ್ಟೆಯಲ್ಲಲ್ಲ, ತರಕಾರಿ ಹೆಚ್ಚುವ ಹಲಗೆಯ ಮೇಲೆ.

ಹಾಗಾಗಿ ಪ್ರತಿ ಪದಾರ್ಥಕ್ಕೂ ಮೂರು ಪ್ರಶ್ನೆ ಹಾಕಿಕೊಳ್ಳಿ. ಬಿಸಿ ತಾಗಿದರೆ ಇದರಲ್ಲಿರುವ ಒಳ್ಳೆಯದು ಹೋಗುತ್ತದೋ, ಇಲ್ಲ ಸಿಕ್ಕಿಕೊಂಡಿದ್ದು ಬಿಡುಗಡೆಯಾಗುತ್ತದೋ? ಬಿಸಿಯಿಂದ ಮಾತ್ರ ಹೋಗುವ ವಿಷ ಅಥವಾ ರೋಗಾಣು ಇದರಲ್ಲಿದೆಯೋ? ಹೊಟ್ಟೆಯಲ್ಲಿ ಇದು ಹಿಡಿಯುವ ಜಾಗಕ್ಕೆ ತಕ್ಕ ಶಕ್ತಿ, ಪ್ರೋಟೀನ್ ಕೊಡುತ್ತದೋ? ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಎಡವುವುದೂ ಅಲ್ಲೇ.

ಹಸಿಯಾಗಿಯೇ ಗೆಲ್ಲುವವು

ಸಿ ಜೀವಸತ್ವ ಮತ್ತು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ ನೀರಿನಲ್ಲಿ ಕರಗುತ್ತವೆ, ಬಿಸಿಗೆ ಒಡೆಯುತ್ತವೆ. ತರಕಾರಿ ಕುದಿಸಿ ನೀರು ಚೆಲ್ಲಿದರೆ ಎರಡು ಕಡೆಯಿಂದಲೂ ನಷ್ಟ. ಆದ್ದರಿಂದ ಸಿ ಜೀವಸತ್ವಕ್ಕೆಂದು ತಿನ್ನುವುದನ್ನು ಹಸಿಯಾಗಿಯೇ ತಿನ್ನಿ. 100 ಗ್ರಾಂ ಲೆಕ್ಕದಲ್ಲಿ ಸೀಬೆಹಣ್ಣಿನಲ್ಲಿ ಸುಮಾರು 228 ಮಿಲಿಗ್ರಾಂ, ಕೆಂಪು ಕ್ಯಾಪ್ಸಿಕಂನಲ್ಲಿ 128, ಹಸಿರು ಕ್ಯಾಪ್ಸಿಕಂನಲ್ಲಿ 80, ಕಿತ್ತಳೆಯಲ್ಲಿ 53 ಇರುತ್ತದೆ. ವಯಸ್ಕರಿಗೆ ದಿನಕ್ಕೆ 75ರಿಂದ 90 ಮಿಲಿಗ್ರಾಂ ಸಾಕು. ಅಂದರೆ ಒಂದು ಕೆಂಪು ಕ್ಯಾಪ್ಸಿಕಂ ಹೆಚ್ಚಿಕೊಂಡರೆ ಆ ದಿನದ ಲೆಕ್ಕ ಮುಗಿಯಿತು. ಕಿತ್ತಳೆಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಸ್ವಲ್ಪ ದೊಡ್ಡದೇ.

ಇನ್ನೊಂದು ಉಪಯೋಗವಿದೆ. ಗಿಡಮೂಲದ ಕಬ್ಬಿಣಾಂಶ ಸುಲಭಕ್ಕೆ ರಕ್ತಕ್ಕೆ ಸೇರುವುದಿಲ್ಲ, ಸಿ ಜೀವಸತ್ವ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಬೀಜ, ಕಾಳು ತಿನ್ನುವಾಗಲೇ ಕ್ಯಾಪ್ಸಿಕಂ ಅಥವಾ ನಿಂಬೆರಸ ಇರಲಿ. ಎರಡು ಗಂಟೆ ಬಿಟ್ಟು ತಿಂದರೆ ಈ ಜೋಡಿಗೆ ಅರ್ಥವಿಲ್ಲ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶದ ಹೀರಿಕೆ ಮತ್ತೆ ತಗ್ಗುತ್ತದೆ.

ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಆಲಿಸಿನ್ ಎಂಬ ವಸ್ತು ಎಸಳಿನೊಳಗೆ ಮೊದಲೇ ತಯಾರಾಗಿ ಕುಳಿತಿರುವುದಿಲ್ಲ. ಜಜ್ಜಿದಾಗ ಕೋಶಗಳು ಒಡೆದು, ಕಿಣ್ವವೂ ಅದರ ಮೂಲವಸ್ತುವೂ ಬೆರೆತು ಹುಟ್ಟುತ್ತದೆ. ಜಜ್ಜಿ ಹತ್ತು ನಿಮಿಷ ಬಿಡಿ. ಬ್ರೊಕೊಲಿಯಲ್ಲೂ ಇದೇ ಕಥೆ: ಸಣ್ಣಗೆ ಹೆಚ್ಚಿದಾಗ ಮೈರೊಸಿನೇಸ್ ಎಂಬ ಕಿಣ್ವ ಕೆಲಸಕ್ಕಿಳಿದು ಸಲ್ಫೊರಾಫೇನ್ ಎಂಬ ಉಪಯುಕ್ತ ವಸ್ತು ಉಂಟಾಗುತ್ತದೆ. ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಸಾಯುತ್ತದೆ. ಹಸಿ ಬ್ರೊಕೊಲಿ ತಿಂದರೆ ಹೊಟ್ಟೆ ಉಬ್ಬುತ್ತದೆ ಎನ್ನುವವರು ಬಹಳ. ಅವರು ಹೆಚ್ಚಿ ಮುಕ್ಕಾಲು ಗಂಟೆ ಹಾಗೇ ಬಿಟ್ಟು, ಆಮೇಲೆ ಮೂರು ನಾಲ್ಕು ನಿಮಿಷ ಹಬೆಯಲ್ಲಿ ಇಡಬಹುದು. ಅಷ್ಟರಲ್ಲಿ ಸಲ್ಫೊರಾಫೇನ್ ಹುಟ್ಟಿರುತ್ತದೆ. ಬೆಂದ ಬ್ರೊಕೊಲಿಯ ಮೇಲೆ ಒಂದು ಚಿಟಿಕೆ ಸಾಸಿವೆ ಪುಡಿ ಉದುರಿಸಿದರೂ ಆದೀತು, ಸಾಸಿವೆಯಲ್ಲೂ ಅದೇ ಕಿಣ್ವವಿದೆ.

ಇದೇ ಕುಟುಂಬದ ಎಲೆಕೋಸು, ನವಿಲುಕೋಸು, ಮೂಲಂಗಿಗೆ ಒಂದು ಎಚ್ಚರಿಕೆ. ಹಸಿಯಾಗಿದ್ದಾಗ ಇವುಗಳಿಂದ ಹುಟ್ಟುವ ಕೆಲವು ವಸ್ತುಗಳು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡ ಬರುತ್ತವೆ. ದಿನಕ್ಕೊಂದು ಬಟ್ಟಲು ತಿನ್ನುವವರು, ಅಯೋಡಿನ್ ಸಾಕಷ್ಟು ಸಿಗುತ್ತಿರುವವರು ಚಿಂತಿಸಬೇಕಿಲ್ಲ. ಆದರೆ 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣವೊಂದಿದೆ. 88 ವರ್ಷದ ಮಹಿಳೆಯೊಬ್ಬರು ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ತಿಂಗಳುಗಟ್ಟಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಸಿ ಬೊಕ್ ಚಾಯ್ (ಎಲೆಕೋಸಿನ ಕುಟುಂಬದ ಚೀನೀ ಸೊಪ್ಪು) ತಿಂದು, ಥೈರಾಯ್ಡ್ ಪೂರ್ತಿ ಕುಸಿದು ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದರು. ‘ತರಕಾರಿ ತಾನೇ, ಎಷ್ಟು ತಿಂದರೇನು’ ಎನ್ನುವವರಿಗೆ ಇದನ್ನು ಹೇಳಬೇಕು. ಇನ್ನು, ಉಪ್ಪನ್ನು ಪೂರ್ತಿ ಬಿಟ್ಟ ಹಸಿ ಆಹಾರಿಗಳಿಗೆ ಅಯೋಡಿನ್ ಯುಕ್ತ ಉಪ್ಪೂ ತಪ್ಪಿಹೋಗಿರುತ್ತದೆ ಎನ್ನುವುದು ನೆನಪಿರಲಿ.

ಎಲೆಕೋಸನ್ನು ಹುದುಗಿಸಿ ತಿನ್ನುವುದೂ ಒಂದು ದಾರಿ, ಒಲೆ ಹಚ್ಚದ ದಾರಿಗಳಲ್ಲೇ ಚೆಂದದ್ದು. ಒಂದು ಕಿಲೋ ಸಣ್ಣಗೆ ಹೆಚ್ಚಿದ ಎಲೆಕೋಸಿಗೆ 20 ಗ್ರಾಂ ಉಪ್ಪು ತೂಗಿ ಹಾಕಿ. ಚಮಚದ ಲೆಕ್ಕ ಬೇಡ, ಹರಳುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕದಲ್ಲಿ ಬಹಳ ಅಂತರ. ಕೈಯಲ್ಲಿ ಹಿಚುಕಿ ನೀರು ಬಿಡಿಸಿ, ಜಾಡಿಯಲ್ಲಿ ಒತ್ತಿ ತುಂಬಿ. ಎಲೆಕೋಸು ಪೂರ್ತಿ ತನ್ನ ನೀರಿನಲ್ಲೇ ಮುಳುಗಿರಬೇಕು. 18ರಿಂದ 22 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಹುಳಿ ಹದಕ್ಕೆ ಬರುತ್ತದೆ, ಸೆಕೆಯಿದ್ದರೆ ಇನ್ನೂ ಬೇಗ, ಆದರೆ ಮೆತ್ತಗಾಗುತ್ತದೆ. ಮೇಲೆ ಬಿಳಿ ತೆಳು ಪೊರೆ ಬಂದರೆ ತೆಗೆದು ಎಸೆದರಾಯಿತು. ಹಸಿರು, ಕಪ್ಪು, ಗುಲಾಬಿ ಬಣ್ಣದ ತುಪ್ಪಳದಂಥ ಬೂಷ್ಟು ಬಂದರೆ ಇಡೀ ಜಾಡಿಯೇ ತಿಪ್ಪೆಗೆ. ಇದು ನೀರಿನ ಮೇಲೆ ತೇಲಿಬಂದ ಎಲೆತುಂಡಿನಿಂದಲೇ ಶುರುವಾಗುವುದು ಹೆಚ್ಚು.

ಒಲೆಯಿಂದ ಲಾಭ ಪಡೆಯುವವು

ಕ್ಯಾರೆಟ್ಟಿನ ಬೀಟಾ ಕೆರೋಟಿನ್ ಗಟ್ಟಿ ಕೋಶಗೋಡೆಯ ಹಿಂದೆ ಸಿಕ್ಕಿಕೊಂಡಿರುತ್ತದೆ. ಹಸಿ ಕ್ಯಾರೆಟ್ ದೊಡ್ಡ ತುಂಡಾಗಿ ಅಗಿದರೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ ದೇಹಕ್ಕೆ ಸೇರುತ್ತದೆ. ಬೇಯಿಸಿ ಮೆತ್ತಗೆ ಮಾಡಿದರೆ ಗೋಡೆ ಸಡಿಲವಾಗಿ ಹೆಚ್ಚು ಸಿಗುತ್ತದೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್‌ಗೂ ಇದೇ ಮಾತು. ಎರಡೂ ಕೊಬ್ಬಿನಲ್ಲಿ ಕರಗುವಂಥವು. ಬೇಯಿಸಲು ಇಷ್ಟವಿಲ್ಲದಿದ್ದರೆ ಕ್ಯಾರೆಟ್ಟನ್ನು ಸಣ್ಣ ತುರಿಮಣೆಯಲ್ಲಿ ತುರಿದು, ಒಂದು ಚಮಚ ಎಣ್ಣೆಯನ್ನೋ ಅರ್ಧ ಬೆಣ್ಣೆಹಣ್ಣನ್ನೋ ಬೆರೆಸಿ. ಎಣ್ಣೆಯಿಲ್ಲದ ‘ಶುದ್ಧ’ ಸಲಾಡ್ ನೋಡುವುದಕ್ಕೆ ಸಂಯಮದಂತೆ ಕಂಡೀತು, ಆದರೆ ಅದರ ಕೆರೋಟಿನ್ ಬಹುಪಾಲು ಹೀರಿಕೆಯಾಗದೆ ಹೊರಗೇ ಹೋಗುತ್ತದೆ.

ಪಾಲಕ್ ಬೇರೆಯೇ ತಕರಾರಿನದು. ಅದರಲ್ಲಿ ಆಕ್ಸಲೇಟ್ ಬಹಳ, ಅದು ಪಾಲಕ್‌ನದೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಕ್‌ನ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ದಕ್ಕುವುದು ನೂರಕ್ಕೆ ಐದರಷ್ಟು. ಕೇಲ್ ಸೊಪ್ಪಿನಲ್ಲಿ ಅದು ನೂರಕ್ಕೆ 40ರ ಆಸುಪಾಸು. ಕುದಿಸಿ ನೀರು ಚೆಲ್ಲಿದರೆ ಆಕ್ಸಲೇಟಿನ ಒಂದು ದೊಡ್ಡ ಪಾಲು ನೀರಿನ ಜೊತೆ ಹೋಗುತ್ತದೆ, ಹಸಿಯಾಗಿದ್ದರೆ ಹೋಗುವ ದಾರಿಯಿಲ್ಲ. ತಟ್ಟೆಯಲ್ಲಿ ಹತ್ತು ಎಲೆ ಹಸಿ ಪಾಲಕ್ ಇದ್ದರೆ ಅಡ್ಡಿಯಿಲ್ಲ. ತೊಂದರೆ ಬರುವುದು ಮಿಕ್ಸಿಯಿಂದ: ಅಗಿದು ತಿನ್ನಲಾಗದಷ್ಟು ಸೊಪ್ಪು, ಎರಡು ದೊಡ್ಡ ಕಂತೆ, ಒಂದೇ ಲೋಟಕ್ಕೆ ಇಳಿಯುತ್ತದೆ. ದಿನವೂ ಹಾಗೆ ಹಸಿರು ರಸ ಕುಡಿದು ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಟ್ಟಿ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಮೂತ್ರಪಿಂಡದಲ್ಲಿ ಕಲ್ಲಾದ ಇತಿಹಾಸವಿರುವವರು ಹಸಿ ಸೊಪ್ಪಿಗೆ ಲೆಟಸ್, ಕೇಲ್, ಎಲೆಕೋಸನ್ನೇ ಆರಿಸಿಕೊಳ್ಳಲಿ. ಪಾಲಕ್, ಬೀಟ್‌ರೂಟ್ ಸೊಪ್ಪು ಬೇಯಿಸುವ ಪಾತ್ರೆಗೆ ಹೋಗಲಿ.

ಅಣಬೆಯನ್ನು ನಾವು ಹಸಿ ಪಟ್ಟಿಯಿಂದ ಹೊರಗೇ ಇಡುತ್ತೇವೆ. ಗುಂಡಿ ಅಣಬೆಯಲ್ಲಿರುವ ಅಗಾರಿಟಿನ್ ಎಂಬ ಸಂಶಯಾಸ್ಪದ ವಸ್ತು ಬೇಯಿಸಿದರೆ ಕಡಿಮೆಯಾಗುತ್ತದೆ. ಹಸಿ ಅಥವಾ ಅರೆಬೆಂದ ಶಿಟಾಕೆ ತಿಂದ ಕೆಲವರಿಗೆ ಮೈಮೇಲೆ ಚಾಟಿಯಿಂದ ಬಾರಿಸಿದಂತೆ ಕೆಂಪು ಬರೆಗಳು ಏಳುತ್ತವೆ. ಕಾಡಿನ ಅಣಬೆಯ ಮಾತಂತೂ ಎತ್ತುವುದೇ ಬೇಡ.

ಕಾಳು: ಅತಿ ಹೆಚ್ಚು ತಪ್ಪು ನಡೆಯುವ ಜಾಗ

‘ಮೊಳಕೆ ಬಂದರೆ ಎಲ್ಲ ಕಾಳೂ ಹಸಿಯಾಗಿ ತಿನ್ನಬಹುದು’ ಎಂಬುದು ಸುಳ್ಳು. ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ನೆನೆಸಿದರೂ ಮೊಳಕೆ ಬಂದರೂ ಸುರಕ್ಷಿತ ಮಟ್ಟಕ್ಕೆ ಇಳಿಯುವುದಿಲ್ಲ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಯುತ್ತ 30 ನಿಮಿಷ ಇರಬೇಕು. ಸಣ್ಣ ಉರಿಯಲ್ಲಿ, 80 ಡಿಗ್ರಿ ದಾಟದ ನಿಧಾನ ಕುಕ್ಕರಿನಲ್ಲಿ ಇಟ್ಟರೆ ವಿಷದ ತೀವ್ರತೆ ಹಸಿ ಕಾಳಿಗಿಂತಲೂ ಹೆಚ್ಚಬಹುದು. ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತುವಿದೆ. ಲೈಮಾ ಬೀನ್ಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಈ ಮೂರೂ ಹಸಿ ತಟ್ಟೆಗೆ ಬೇಡವೇ ಬೇಡ.

ಮೊಳಕೆ ಬರಿಸಿ ಹಸಿಯಾಗಿ ತಿನ್ನಲು ಸಲ್ಲುವವು ಹೆಸರುಕಾಳು ಮತ್ತು ಮಸೂರ. ಕಡಲೆಯ ಮೊಳಕೆ ಕೆಲವರಿಗೆ ಒಗ್ಗುತ್ತದೆ, ಬಹಳ ಜನಕ್ಕೆ ವಾಯು. ಆಲ್ಫಾಲ್ಫಾ ಮೊಳಕೆಗೆ ಆರೋಗ್ಯದ ಹೆಸರಿದ್ದರೂ ಅದರಲ್ಲಿ ಕೆನವನೈನ್ ಎಂಬ ಅಂಶವಿದೆ. ಲ್ಯೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವವರು ಅದನ್ನು ಬಿಡಬೇಕು. ಉಳಿದವರೂ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ, ಅದರಲ್ಲಿ ನೀರೇ ಹೆಚ್ಚು.

ಹೆಸರುಕಾಳಿನ ಮೊಳಕೆ ಬರಿಸುವ ಕ್ರಮ ಹೀಗೆ. ಅರ್ಧ ಕಪ್ ಕಾಳಿನಲ್ಲಿ ಒಡೆದದ್ದು, ಕರಿದಾದದ್ದು ಆರಿಸಿ ತೆಗೆಯಿರಿ. ಒಡೆದ ಕಾಳು ಮೊಳೆಯುವುದಿಲ್ಲ, ಕೊಳೆತು ಉಳಿದವನ್ನೂ ಕೆಡಿಸುತ್ತದೆ. ಮೂರು ನೀರಿನಲ್ಲಿ ತೊಳೆದು 8ರಿಂದ 12 ಗಂಟೆ ನೆನೆಸಿ. ನೀರು ಬಸಿದು ಅಗಲ ಬಾಯಿಯ ಜಾಡಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಓರೆಯಾಗಿ ಮಗುಚಿಡಿ. ಉಳಿದ ನೀರು ಇಳಿದುಹೋಗಬೇಕು, ಗಾಳಿಯೂ ಆಡಬೇಕು. ದಿನಕ್ಕೆ ಎರಡು ಮೂರು ಸಲ ನೀರು ತುಂಬಿ ಅಲುಗಿಸಿ ಬಸಿಯಿರಿ. 20ರಿಂದ 25 ಡಿಗ್ರಿಯಲ್ಲಿ 24ರಿಂದ 36 ಗಂಟೆಗೆ ಅರ್ಧ ಸೆಂಟಿಮೀಟರ್ ಮೊಳಕೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ, ನೀರು ಪೂರ್ತಿ ಬಸಿದು, 5 ಡಿಗ್ರಿಗಿಂತ ಕೆಳಗಿನ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಕಾಳು ಲೋಳೆಯಾದರೆ, ಹುಳಿ ವಾಸನೆ ಬಂದರೆ ಕಾರಣ ಸಾಮಾನ್ಯವಾಗಿ ಎರಡೇ: ತಳದಲ್ಲಿ ನೀರು ನಿಂತಿತ್ತು, ಇಲ್ಲವೇ ಸೆಕೆಯಲ್ಲಿ ತೊಳೆಯುವುದು ತಪ್ಪಿತ್ತು. ಮತ್ತೆ ತೊಳೆದು ಸರಿಮಾಡಲು ಹೋಗಬೇಡಿ, ಚೆಲ್ಲಿ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ರೋಗಾಣು ಬೀಜದ ಸಿಪ್ಪೆಯ ಬಿರುಕಿನಲ್ಲೇ ಇರಬಹುದು. ಮೊಳಕೆ ಬರಿಸುವ ತೇವ ಮತ್ತು ಬೆಚ್ಚಗಿನ ಹವೆ ಬ್ಯಾಕ್ಟೀರಿಯಾಕ್ಕೂ ಹೇಳಿಮಾಡಿಸಿದ್ದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹಬ್ಬಿದ ಇ. ಕೋಲಿ ಸೋಂಕಿಗೆ 3,800ಕ್ಕೂ ಹೆಚ್ಚು ಜನ ತುತ್ತಾದರು, 50ಕ್ಕೂ ಹೆಚ್ಚು ಜನ ಸತ್ತರು. 1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಸಾವಿರಾರು ಶಾಲಾ ಮಕ್ಕಳು ಕಾಯಿಲೆ ಬಿದ್ದಾಗ ಅನುಮಾನ ಬಲವಾಗಿ ಬಿದ್ದದ್ದು ಮೂಲಂಗಿ ಮೊಳಕೆಯ ಮೇಲೆ. ಮನೆಯಲ್ಲೇ ಬರಿಸಿದ ಮೊಳಕೆ ಸುರಕ್ಷಿತ ಎನ್ನುವ ವಾದ ನಿಲ್ಲುವುದಿಲ್ಲ, ಬೀಜ ಬರುವುದು ಹೊರಗಿನಿಂದಲೇ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಉಳಿದವರಿಗೆ ನಮ್ಮ ಸಲಹೆ: ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ. ಕರುಕುರು ಉಳಿಯುತ್ತದೆ, ಅಪಾಯ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. 48 ಡಿಗ್ರಿಯ ವ್ರತ ಅಲ್ಲಿಗೆ ಮುರಿಯಿತು ನಿಜ, ಮುರಿಯಲಿ ಬಿಡಿ.

ಬೀಜಗಳಲ್ಲಿ ಯಾವುದು, ಎಷ್ಟು

ಹಸಿ ತಟ್ಟೆಯ ಬೆನ್ನೆಲುಬು ಇವೇ. 100 ಗ್ರಾಂ ಸೌತೆಕಾಯಿಯಲ್ಲಿ 15 ಕ್ಯಾಲೊರಿ, ಅಷ್ಟೇ ತೂಕದ ಬಾದಾಮಿಯಲ್ಲಿ ಸುಮಾರು 580. ಪ್ರೋಟೀನ್ ಮುಖ್ಯವೆಂದರೆ ಕುಂಬಳ ಬೀಜ ಎಲ್ಲಕ್ಕಿಂತ ಮುಂದೆ, 30 ಗ್ರಾಂಗೆ 9 ಗ್ರಾಂ. ಬಾದಾಮಿಯಲ್ಲಿ 6, ಅಕ್ರೋಟಿನಲ್ಲಿ ನಾಲ್ಕೂವರೆ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಬೇಕೆಂದರೆ ಮುಖ್ಯವಾಗಿ ಅಕ್ರೋಟು, ಅಗಸೆ, ಚಿಯಾ. ಬಾದಾಮಿ, ಗೋಡಂಬಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಅಗಸೆ ಬೀಜವನ್ನು ಇಡಿಯಾಗಿ ನುಂಗಿದರೆ ಇಡಿಯಾಗಿಯೇ ಹೊರಬರುತ್ತದೆ. ಪುಡಿ ಮಾಡಿ, ಆದರೆ ವಾರಕ್ಕೆ ಬೇಕಾದಷ್ಟೇ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಪುಡಿಯಾದ ಮೇಲೆ ಎಣ್ಣೆ ಗಾಳಿಗೆ ತೆರೆದುಕೊಂಡು ಬೇಗ ಕಮಟುತ್ತದೆ. ಗೋಡೆಗೆ ಬಳಿಯುವ ಪೇಂಟಿನಂಥ ವಾಸನೆ ಬಂದರೆ ಕೆಟ್ಟಿದೆ ಎಂದೇ ಲೆಕ್ಕ. ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಚಿಯಾವನ್ನು ಪುಡಿ ಮಾಡಬೇಕಿಲ್ಲ, ನೆನೆಸಲೇಬೇಕು. ಅದು ತನ್ನ ತೂಕದ ಹತ್ತರಷ್ಟು ನೀರು ಹೀರಿ ಉಬ್ಬುತ್ತದೆ. ಒಣ ಚಿಯಾ ನುಂಗಿ ನೀರು ಕುಡಿದವರಿಗೆ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡದ್ದುಂಟು. ಒಂದು ಚಮಚಕ್ಕೆ ಅರ್ಧ ಲೋಟ ನೀರು, 20 ನಿಮಿಷ.

ಬ್ರೆಜಿಲ್ ನಟ್ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಒಂದೇ ಬೀಜದಲ್ಲಿ ಇಡೀ ದಿನಕ್ಕೆ ಬೇಕಾದಷ್ಟು ಸೆಲೆನಿಯಂ ಇರುತ್ತದೆ. ಮುಷ್ಟಿಗಟ್ಟಲೆ ತಿಂದರೆ ಕೂದಲು ಉದುರುವುದು, ಉಗುರು ಪುಡಿಯಾಗುವುದು ಶುರುವಾಗುತ್ತದೆ. ಕಹಿ ಬಾದಾಮಿ, ಏಪ್ರಿಕಾಟ್ ಓಟೆಯೊಳಗಿನ ಬೀಜ ಸಯನೈಡಿನ ಮೂಲ. ಸಣ್ಣ ಏಪ್ರಿಕಾಟ್ ಬೀಜ ಮೂರು ದಾಟಿದರೆ ವಯಸ್ಕರಿಗೂ ಸುರಕ್ಷಿತ ಮಿತಿ ಮೀರುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಕಡಲೆಕಾಯಿ ಬೀಜದಲ್ಲಿ ಸುಕ್ಕುಗಟ್ಟಿದ್ದು, ಬಣ್ಣಗೆಟ್ಟದ್ದು, ಮುಗ್ಗಲು ವಾಸನೆಯದು ಆರಿಸಿ ಎಸೆಯಿರಿ. ಅದರ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವಂಥದ್ದಲ್ಲ.

ಒಂದು ತಮಾಷೆ: ಪೊಟ್ಟಣದ ಮೇಲೆ ‘ಹಸಿ’ ಎಂದಿರುವ ಗೋಡಂಬಿ ನಿಜಕ್ಕೂ ಹಸಿಯಲ್ಲ. ಅದರ ಚಿಪ್ಪಿನಲ್ಲಿ ಚರ್ಮ ಸುಡುವ ಎಣ್ಣೆಯಿರುವುದರಿಂದ ಹಬೆಗೆ ಹಿಡಿದೋ ಹುರಿದೋ ಆಮೇಲೇ ಒಡೆಯುತ್ತಾರೆ. ಚಪ್ಪಟೆ ಓಟ್ಸ್ ಕೂಡ ಹಬೆ ಕಂಡೇ ಬರುವುದು. ಹಸಿ ಆಹಾರದ ಹರಿಕಾರರಲ್ಲೊಬ್ಬರಾದ ಸ್ವಿಸ್ ವೈದ್ಯ ಬಿರ್ಷರ್-ಬೆನ್ನರ್ 1900ರ ಸುಮಾರಿಗೆ ರೋಗಿಗಳಿಗೆ ಕೊಡುತ್ತಿದ್ದ ಮ್ಯೂಸ್ಲಿಯಲ್ಲಿ ತುರಿದ ಸೇಬೇ ಮುಖ್ಯ, ಓಟ್ಸ್ ಒಂದು ಚಮಚದಷ್ಟು, ಜೊತೆಗೆ ಡಬ್ಬಿಯ ಗಟ್ಟಿಹಾಲು. ಮೂಲಪುರುಷರಿಗೇ ಇಲ್ಲದ ಮಡಿ ನಮಗೇಕೆ?

ಹಸಿಯಾಗಿ ಮುಟ್ಟಬಾರದವು

ಮರಗೆಣಸು: ಸಯನೈಡ್. ಕೆಸುವಿನ ಗಡ್ಡೆ, ಸೊಪ್ಪು: ಸೂಜಿಯಂಥ ಆಕ್ಸಲೇಟ್ ಹರಳು, ಬಾಯಿ ಗಂಟಲು ತುರಿಸಿ ಊದುತ್ತದೆ. ಹಸಿರುಗಟ್ಟಿದ, ಮೊಳೆತ ಆಲೂಗಡ್ಡೆ: ಸೊಲನೈನ್ ಎಂಬ ವಿಷ, ಇದು ಬೇಯಿಸಿದರೂ ಹೋಗದು, ಎಸೆಯುವುದೇ ಸರಿ. ಹಸಿ ಹಿಟ್ಟು: ನೋಡಲು ಒಣ ಪುಡಿ, ಆದರೆ ಅದು ರೋಗಾಣು ಕೊಲ್ಲುವ ಯಾವ ಹಂತವನ್ನೂ ದಾಟಿ ಬಂದಿರುವುದಿಲ್ಲ. ಹಸಿ ಹಿಟ್ಟಿನುಂಡೆ ನೆಕ್ಕುವ ಅಭ್ಯಾಸ ಮಕ್ಕಳಿಗೂ ಬೇಡ.

ಪ್ರಾಣಿಮೂಲದ್ದರಲ್ಲಿ ನಮ್ಮ ನಿಲುವು ಸರಳ, ಬೇಡ. ಹಸಿ ಹಾಲಿನಲ್ಲಿ ಬ್ರುಸೆಲ್ಲಾ, ಲಿಸ್ಟೀರಿಯಾದಂಥ ರೋಗಾಣುಗಳು ಇರಬಹುದು. 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ಅವು ಸಾಯುತ್ತವೆ, ಹಾಲಿನ ಪ್ರೋಟೀನ್, ಕ್ಯಾಲ್ಸಿಯಂಗೆ ಏನೂ ಆಗುವುದಿಲ್ಲ. ಹಸಿ ಮೊಟ್ಟೆಯ ಪ್ರೋಟೀನಿನಲ್ಲಿ ಅರ್ಧದಷ್ಟು ಮಾತ್ರ ಜೀರ್ಣವಾಗುತ್ತದೆ, ಬೇಯಿಸಿದ್ದರಲ್ಲಿ ನೂರಕ್ಕೆ 90. ಜೊತೆಗೆ ಹಸಿ ಬಿಳಿಭಾಗದ ಅವಿಡಿನ್ ಎಂಬ ಪ್ರೋಟೀನ್ ಬಯೊಟಿನ್ ಎಂಬ ಬಿ ಗುಂಪಿನ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಹಸಿ ಮೀನನ್ನು ತಿಂದೇ ತಿನ್ನುವವರು -20 ಡಿಗ್ರಿಯಲ್ಲಿ ಏಳು ದಿನ ಹೆಪ್ಪುಗಟ್ಟಿಸಿದ್ದನ್ನು ಆರಿಸಲಿ. ಅದರಿಂದ ಸಾಯುವುದು ಹುಳು ಮಾತ್ರ, ಬ್ಯಾಕ್ಟೀರಿಯಾ ಅಲ್ಲ. ಜೇನುತುಪ್ಪ ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಕೂಡದು.

ಹಣ್ಣು, ರಸ, ಒಣಹಣ್ಣು

ಇಡೀ ಹಣ್ಣಿಗೂ ರಸಕ್ಕೂ ಹೋಲಿಸಿದರೆ ಹಣ್ಣೇ ಗೆಲ್ಲುತ್ತದೆ. 250 ಮಿಲಿಲೀಟರ್ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು, ಅದರಲ್ಲಿ 20 ಗ್ರಾಂ ಸಕ್ಕರೆ, ನಾರು ಹೆಚ್ಚುಕಡಿಮೆ ಶೂನ್ಯ. ನಾಲ್ಕು ಕಿತ್ತಳೆಯನ್ನು ಬಿಡಿಸಿ ತಿನ್ನುವಷ್ಟರಲ್ಲಿ ಹೊಟ್ಟೆ ಸಾಕು ಎನ್ನುತ್ತದೆ. ಮಿಕ್ಸಿಯಲ್ಲಿ ಇಡೀ ಹಣ್ಣು ತಿರುವಿದ ಸ್ಮೂದಿಯಲ್ಲಿ ನಾರು ಉಳಿದರೂ ಅಗಿಯುವ ಕೆಲಸ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನು ಬಾಟಲಿ ಪಾನೀಯದ ಸಕ್ಕರೆಯ ಸಾಲಿನಲ್ಲೇ ಎಣಿಸುತ್ತದೆ. ಒಣದ್ರಾಕ್ಷಿ 100 ಗ್ರಾಂಗೆ 300 ಕ್ಯಾಲೊರಿ, ಹಸಿ ದ್ರಾಕ್ಷಿ 69. ತೂಕ ಇಳಿದು ಸೊರಗುತ್ತಿರುವವರಿಗೆ ಒಣಹಣ್ಣು ವರ, ತೂಕ ಇಳಿಸಬೇಕೆಂದು ಈ ಪದ್ಧತಿಗೆ ಬಂದವರಿಗೆ ಅದೇ ಕಂಟಕ.

ಹಲ್ಲನ್ನು ಮರೆಯಬಾರದು. ಹಸಿ ಆಹಾರಿಗಳ ಹಲ್ಲಿನ ಹೊರಪದರದ ಸವೆತ ಸಾಮಾನ್ಯ ಊಟದವರಿಗಿಂತ ಹೆಚ್ಚು ಎಂದು ಜರ್ಮನಿಯ ಅಧ್ಯಯನವೊಂದು 1999ರಲ್ಲಿ ಕಂಡುಕೊಂಡಿತು. ದಿನವಿಡೀ ಹುಳಿ ಹಣ್ಣು ಕುರುಕುವುದೇ ಕಾರಣ. ಹಣ್ಣನ್ನು ಎರಡು ಮೂರು ಹೊತ್ತಿಗೆ ಕಟ್ಟಿಹಾಕಿ, ತಿಂದ ಮೇಲೆ ನೀರು ಮುಕ್ಕಳಿಸಿ, ಬ್ರಷ್ ಮಾಡಲು ಅರ್ಧ ಗಂಟೆಯಾದರೂ ಕಾಯಿರಿ. ಆಮ್ಲ ತಾಗಿ ಮೆತ್ತಗಾದ ಪದರವನ್ನು ಬ್ರಷ್ ಉಜ್ಜಿಹಾಕುತ್ತದೆ.

ತೊಳೆಯುವುದು: ಹರಿಯುವ ನೀರು ಸಾಕು, ಸೋಪು ಬೇಡ. ಕರ್ಬೂಜವನ್ನು ಕತ್ತರಿಸುವ ಮುನ್ನ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ತಿನ್ನದ ಸಿಪ್ಪೆಯನ್ನೇಕೆ ತೊಳೆಯಬೇಕು ಎನ್ನಬೇಡಿ, ಸಿಪ್ಪೆಯ ಮೇಲಿನದನ್ನು ಚಾಕು ಒಳಗೆ ಒಯ್ಯುತ್ತದೆ. ಅಮೆರಿಕದಲ್ಲಿ 2011ರಲ್ಲಿ ಕರ್ಬೂಜದಿಂದ ಹಬ್ಬಿದ ಲಿಸ್ಟೀರಿಯಾ 33 ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು.

ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತಟ್ಟೆ ಬದಲಿಸಬೇಡಿ. ಗ್ರೇಪ್‌ಫ್ರೂಟ್ ಕೆಲವು ಕೊಲೆಸ್ಟರಾಲ್, ರಕ್ತದೊತ್ತಡದ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಸೊಪ್ಪಿನ ಕೆ ಜೀವಸತ್ವ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಹಿಡಿತ ತಪ್ಪಿಸುತ್ತದೆ. ಮೂತ್ರಪಿಂಡ ಸೋತವರಿಗೆ ಈ ಪದ್ಧತಿಯ ಪೊಟ್ಯಾಸಿಯಂ ಹೊರೆಯೇ ಅಪಾಯ, ನಕ್ಷತ್ರಹಣ್ಣಂತೂ ನೇರ ವಿಷ.

ಒಂದು ದಿನದ ತಟ್ಟೆಯನ್ನು ತೂಗಿ ನೋಡೋಣ

ಪೂರ್ತಿ ಹಸಿಯಾಗಿ, ಧಾರಾಳವಾಗಿಯೇ ಜೋಡಿಸೋಣ. ಮೂರು ಬಾಳೆಹಣ್ಣು, ಎರಡು ಕಿತ್ತಳೆ, ಒಂದು ಬೆಣ್ಣೆಹಣ್ಣು. ಬಾದಾಮಿ, ಅಕ್ರೋಟು, ಕುಂಬಳ ಬೀಜ ತಲಾ 30 ಗ್ರಾಂ. ಅಗಸೆ ಪುಡಿ ಎರಡು ದೊಡ್ಡ ಚಮಚ. ಉದ್ದ ಬಾಲದ ಹೆಸರುಕಾಳು ಮೊಳಕೆ 150 ಗ್ರಾಂ. ತರಕಾರಿ, ಸೊಪ್ಪು ಸೇರಿ ಅರ್ಧ ಕಿಲೋ. ಐದು ಖರ್ಜೂರ, ಒಂದು ದೊಡ್ಡ ಚಮಚ ಎಣ್ಣೆ. ತಿನ್ನುವ ಭಾಗದ ತೂಕವೇ ಒಂದೂವರೆ ಕಿಲೋ ದಾಟಿತು. ಕೂಡಿಸಿದರೆ ಸುಮಾರು 1,700 ಕ್ಯಾಲೊರಿ, 43 ಗ್ರಾಂ ಪ್ರೋಟೀನ್. 60 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ 48 ಗ್ರಾಂ ಪ್ರೋಟೀನ್ ಬೇಕು. ಗಿಡ್ಡ ಮೊಳಕೆ ಹಾಕಿಕೊಂಡರೆ ಕೊಂಚ ಮೇಲೇರೀತು, ಉದ್ದ ಮೊಳಕೆಯಲ್ಲಿ ನೀರೇ ಜಾಸ್ತಿ. ಇಷ್ಟು ಬೀಜ ತಿಂದೂ ಕೊರತೆ. ಬರೀ ಸಲಾಡು, ಹಣ್ಣು ತಿನ್ನುವವರ ಗತಿ ಊಹಿಸಿ.

ಜರ್ಮನಿಯ ಗೀಸನ್‌ನಲ್ಲಿ 500ಕ್ಕೂ ಹೆಚ್ಚು ಹಸಿ ಆಹಾರಿಗಳನ್ನು ಕುರಿತ 1999ರ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಪದ್ಧತಿ ಶುರುಮಾಡಿದ ಮೇಲೆ ಗಂಡಸರು ಸರಾಸರಿ 10 ಕಿಲೋ, ಹೆಂಗಸರು 12 ಕಿಲೋ ಇಳಿದಿದ್ದರು, 45ರೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮುಟ್ಟು ಪೂರ್ತಿಯಾಗಿಯೋ ಭಾಗಶಃವೋ ನಿಂತಿತ್ತು. ಮುಟ್ಟು ಏರುಪೇರಾದರೆ ಅದನ್ನು ‘ದೇಹ ಶುದ್ಧಿಯಾಗುತ್ತಿದೆ’ ಎಂದು ಓದಬೇಡಿ, ದೇಹಕ್ಕೆ ಊಟ ಸಾಲುತ್ತಿಲ್ಲ ಎಂದು ಓದಿ.

ಬಿ12 ಈ ತಟ್ಟೆಯಲ್ಲಿ ಇಲ್ಲವೇ ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 2.4 ಮೈಕ್ರೊಗ್ರಾಂ, ಅದು ಮಾತ್ರೆಯಿಂದಲೋ ಬಿ12 ಬೆರೆಸಿದ ಆಹಾರದಿಂದಲೋ ಬರಬೇಕು. ಸಮುದ್ರಪಾಚಿ, ತೊಳೆಯದ ತರಕಾರಿಯ ಮಣ್ಣು ಇತ್ಯಾದಿ ನಂಬಿ ಕೂರುವಂಥದ್ದಲ್ಲ. ಹಸಿ ಆಹಾರಿಗಳಿಗೆ ಇಲ್ಲೊಂದು ವಿಶೇಷ ಬಲೆಯಿದೆ. ಹಸಿ ಸೊಪ್ಪಿನಿಂದ ಫೋಲೇಟ್ ಧಾರಾಳವಾಗಿ ಸಿಗುವುದರಿಂದ ಬಿ12 ಕೊರತೆಯ ರಕ್ತಹೀನತೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅಷ್ಟರಲ್ಲಿ ನರಗಳಿಗೆ ಹಾನಿ ಸಾಗಿರುತ್ತದೆ, ಕೈಕಾಲು ಜೋಮು ಹಿಡಿದಾಗಲೇ ಗೊತ್ತಾಗುವುದು. ಹಿಮೋಗ್ಲೋಬಿನ್ ಸರಿಯಿದೆ ಎಂದು ನೆಮ್ಮದಿ ಪಡದೆ ವರ್ಷಕ್ಕೊಮ್ಮೆ ಬಿ12 ಮಟ್ಟವನ್ನೂ, ಸಾಧ್ಯವಾದರೆ ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಹೋಮೊಸಿಸ್ಟೀನ್ ಅನ್ನೂ ಪರೀಕ್ಷಿಸಿ.

ಈಗ ಅದೇ ತಟ್ಟೆಯ ಪಕ್ಕಕ್ಕೆ ಒಂದು ಕಪ್ ಬೇಯಿಸಿದ ಮಸೂರ ಇಡಿ, ಸುಮಾರು 200 ಗ್ರಾಂ. 230 ಕ್ಯಾಲೊರಿ, 18 ಗ್ರಾಂ ಪ್ರೋಟೀನ್ ಸೇರಿ, ಲೆಕ್ಕ 1,900 ಕ್ಯಾಲೊರಿ ಮತ್ತು 61 ಗ್ರಾಂ ಪ್ರೋಟೀನಿಗೆ ಬಂದು ನಿಲ್ಲುತ್ತದೆ. ಒಲೆ ಉರಿದದ್ದು ಅರ್ಧ ಗಂಟೆ.